ಹನ್ನೊಂದು ಕಿಲೋ ಅತ್ತೆ

ಒಂಬತ್ತು ವರ್ಷ ಬಿಡದೆ ಅರ್ಜಿ ಹಾಕಿದ ಮೇಲೆ ನಮ್ಮ ಮನೆಗೆ ಸಮುದ್ರದ ಪರವಾನಗಿ ಬಂತು. ನಾಲ್ಕು ಜನ, ನಾಲ್ಕು ದಿನ, ಒಂದು ಕಾರು. ನಮ್ಮ ದೇಶಕ್ಕೆ ಸಮುದ್ರವಿಲ್ಲ. ನೋಡಬೇಕೆಂದರೆ ಗಡಿ ದಾಟಿ ಪಕ್ಕದ ದೇಶಕ್ಕೇ ಹೋಗಬೇಕು, ಅದೂ ಮನೆಗೆ ವರ್ಷಕ್ಕೊಂದು ಪರವಾನಗಿ, ಮೊದಲನೆಯದು ಸಿಗುವುದೇ ಕಷ್ಟ. ಕಾಗದವನ್ನು ನಮ್ಮವರು, ಅಂದರೆ ನನ್ನ ಗಂಡ ಮಹಾಲಿಂಗಪ್ಪನವರು, ಮೂರು ಸಲ ಓದಿದರು. ನಾಲ್ಕನೇ ಸಲ ಓದುವಷ್ಟರಲ್ಲಿ ಮಗಳು ಇಂಚರ ಅದನ್ನು ಕಸಿದುಕೊಂಡು ಬೀದಿಯ ತುದಿಯವರೆಗೂ ಓಡಿ ಎಲ್ಲರಿಗೂ ತೋರಿಸಿ ಬಂದಳು. ಒಳಗೆ ಕುರ್ಚಿಯಲ್ಲಿದ್ದ ನಮ್ಮತ್ತೆ ಸಿದ್ಧಗಂಗಮ್ಮನವರು ಮಾತ್ರ, "ಸಮುದ್ರ ಅಂದ್ರೇನು, ಉಪ್ಪುನೀರು ತಾನೆ? ಒಂದು ಬಕೆಟ್ಟಿಗೆ ಉಪ್ಪು ಹಾಕ್ಕೊಡಿ, ಇಲ್ಲೇ ಕಾಲು ಅದ್ದ್‌ಕೊಂಡು ಕೂತಿರ್ತೀನಿ," ಅಂದರು.

ಅತ್ತೆಯವರು ತಾವಾಗಿ ಎದ್ದು ನಿಂತು ಆರು ವರ್ಷವಾಗಿತ್ತು. ಎರಡು ಮಂಡಿಯೂ ಹೋಗಿದ್ದವು. ಆಳೋ ಭಾರೀ ಆಳು. ನಮ್ಮವರು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದರು, ಬೆಳಿಗ್ಗೆ ಆರಕ್ಕೇ ಮನೆ ಬಿಡಬೇಕು. ಹಾಗಾಗಿ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ, ಕುರ್ಚಿಯಿಂದ ಜಗಲಿಗೆ ಅತ್ತೆಯನ್ನು ಎತ್ತುವುದು ನನ್ನ ಪಾಲಿನ ಕೆಲಸ. ನಾನು ಬಲಗಾಲು ಮುಂದಿಟ್ಟು, ಅವರ ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿ ಹಿಡಿಯುತ್ತಿದ್ದೆ. ಅವರು "ಶಿವಾ" ಅನ್ನುತ್ತಿದ್ದರು, ನಾನು "ಹ್ಞೂಂ" ಅನ್ನುತ್ತಿದ್ದೆ. ದಿನಕ್ಕೆ ಎಂಟು ಸಲ ಶಿವಾ, ಎಂಟು ಸಲ ಹ್ಞೂಂ. ಅದು ಬಿಟ್ಟು ನಮ್ಮಿಬ್ಬರಿಗೆ ಹೆಚ್ಚಿನ ಮಾತಿರಲಿಲ್ಲ. ಜಗಳವಂತೂ ಇರಲಿಲ್ಲ, ಜಗಳಕ್ಕೆ ಬೇಕಾದ ಉಸಿರು ಇಬ್ಬರಲ್ಲೂ ಉಳಿಯುತ್ತಿರಲಿಲ್ಲ.

ಅವರನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ. ಕರೆದುಕೊಂಡು ಹೋಗುವುದೆಂದಾಯಿತು. ಬಟ್ಟೆ ಸಿದ್ಧ ಮಾಡುವುದು ನನಗೆ ಹೊಸದಲ್ಲ. ನಾನು ಬ್ಲೌಸು ಹೊಲಿಯುವವಳು, ಪರವಾನಗಿ ಬಂದವರ ಲಂಗ, ಸೀರೆಗಳ ಅಂಚಿಗೆ ಸೀಸದ ಗುಂಡು ಹೊಲಿದು ಕೊಡುವುದೂ ನನ್ನ ಕಸುಬಿನಲ್ಲೇ ಸೇರಿತ್ತು. ಗಡಿಯಾಚೆ ಜೀವ ಇರುವುದಕ್ಕೆಲ್ಲ ತೂಕ ಕಮ್ಮಿ, ಸಾಮಾನಿಗೆ ಮಾತ್ರ ಇದ್ದಷ್ಟೇ. ಅಂಚಿನಲ್ಲಿ ನಾಲ್ಕು ಗುಂಡಿದ್ದರೆ ಬಟ್ಟೆ ಮೇಲೆ ಹಾರದೆ ಮರ್ಯಾದೆ ಉಳಿಯುತ್ತದೆ. ಹೋಗಿ ಬಂದವರು ಒಂದು ವಾರ ಮೆಟ್ಟಿಲು ಎಡವುತ್ತಾರೆ, ಲೋಟ ಕೈಬಿಡುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಎದುರುಮನೆಯವರು ಬಂದು ಬುದ್ಧಿ ಹೇಳಿದರು: ಸೀನು ಬಂದರೆ ಏನಾದರೂ ಹಿಡಿದುಕೊಳ್ಳಿ, ಮಗು ಕೈಬಿಡಬೇಡಿ, ನಾಲ್ಕನೇ ಸಂಜೆ ಸೂರ್ಯ ಮುಳುಗುವುದರೊಳಗೆ ಗೇಟು ದಾಟಿ. ಅಲ್ಲಿಯೇ ಐದನೇ ಹಗಲು ಕಂಡವರ ಎಲುಬು ಅಲ್ಲಿಯದಾಗಿಬಿಡುತ್ತದೆ, ಅವರು ಮತ್ತೆ ಈ ನೆಲದ ಮೇಲೆ ನಿಲ್ಲಲಾರರು ಅನ್ನುವುದು ನಮ್ಮೂರ ಮಕ್ಕಳಿಗೂ ಗೊತ್ತಿತ್ತು.

ಬದನೆಕಾಯಿ ಬಣ್ಣದ ನಮ್ಮ ಹಳೇ ಕಾರನ್ನು ಓಡಿಸಿದ್ದು ನಾನೇ. ನಮ್ಮವರು ಸಾವಿರಾರು ಲಾರಿ ತೂಗಿದ್ದಾರೆ, ಒಂದನ್ನೂ ಓಡಿಸಿಲ್ಲ. ದಾರಿಯುದ್ದಕ್ಕೂ ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಗಡಿಯ ಗೋಡೆ ಕಂಡಿತು, ಮೂರಾಳು ಎತ್ತರದ್ದು, ಸುಣ್ಣ ಬಳಿದದ್ದು. ಗೇಟಿನ ಈಚೆ ಒಂದು ತಕ್ಕಡಿ, ಆಚೆ ಒಂದು ತಕ್ಕಡಿ. ನಮ್ಮವರಿಗೆ ಕಸುಬಿನ ಹುಮ್ಮಸ್ಸು ಬಂದುಬಿಟ್ಟಿತು. ಅತ್ತೆಯನ್ನು ಕುರ್ಚಿ ಸಮೇತ ಇಬ್ಬರು ಆಳುಗಳು ಈಚೆಯ ತಕ್ಕಡಿಗೆ ಹತ್ತಿಸಿದರು, ಕುರ್ಚಿಯ ತೂಕ ಕಳೆದು "ಎಂಬತ್ತೆಂಟು" ಅಂತ ಕೂಗಿದರು. ಮತ್ತೆ ಕಾರಿಗೆ ಕೂರಿಸಿ ಗೇಟು ದಾಟಿಸಿದೆವು. ದಾಟುವಾಗ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗಾಯಿತು. ಇಂಚರ ಕಿಸಕ್ಕನೆ ನಕ್ಕಳು. ನನ್ನ ಜಡೆ ಬೆನ್ನು ಬಿಟ್ಟು ನಿಧಾನವಾಗಿ ಎದ್ದು ಕಾರಿನ ಮಾಡು ಮುಟ್ಟಿ ಬಂತು.

"ಅಜ್ಜಿನ ಇಳಿಸಿ, ಈ ತಕ್ಕಡಿ ಮೇಲೂ ಒಂದ್ಸಲ ಆಗ್ಲಿ," ಅಂದಳು ಆಚೆಯ ಅಧಿಕಾರಿ. ಅವಳ ಕೈಯಲ್ಲಿ ಉದ್ದನೆಯ ಕೊಕ್ಕೆ ಕೋಲಿತ್ತು. ಯಾಕೆಂದು ನಾನು ಯೋಚಿಸಲಿಲ್ಲ. ಬಾಗಿಲು ತೆಗೆದೆ, ಬಲಗಾಲು ಮುಂದಿಟ್ಟೆ, ಕಂಕುಳಿಗೆ ಕೈ ಕೊಟ್ಟೆ.

"ಶಿವಾ," ಅಂದರು ಅತ್ತೆ.

"ಹ್ಞೂಂ," ಅಂದೆ ನಾನು.

ಆರು ವರ್ಷದ ಅಭ್ಯಾಸದ ಬಲವನ್ನೆಲ್ಲ ಹಾಕಿ ಎತ್ತಿದ್ದೆ. ನಾವಿಬ್ಬರೂ ಕಾರು ಬಿಟ್ಟು ಮೇಲೆದ್ದೆವು. ಕಾರಿನ ಮಾಡು ಕೆಳಗಾಯಿತು, ಅಧಿಕಾರಿಯ ಟೋಪಿ ಕೆಳಗಾಯಿತು, ಗೇಟಿನ ತಗಡಿನ ಮಾಡೂ ಕೆಳಗಾಯಿತು. ಆ ತಗಡಿನ ಮೇಲೆ ಒಂದು ಚೆಂಡು, ಒಂಟಿ ಚಪ್ಪಲಿ, ಒಣಗಿದ ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ದವು. ಅತ್ತೆ ನನ್ನ ಕುತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ಪಂಕಜಾ, ಇಳ್ಸು."

"ಹೆಂಗೆ ಇಳಿಸ್ಲಿ ಅತ್ತೆ?"

"ನಂಗೇನು ಗೊತ್ತೇ? ಎತ್ತಿದೋಳು ನೀನು!"

ಆಮೇಲೆ ನನ್ನ ಕಿವಿಯ ಹತ್ತಿರ ಗೊರಗೊರ ಸದ್ದು ಕೇಳಿತು. ಉಸಿರು ಕಟ್ಟಿತೇನೋ ಎಂದು ಗಾಬರಿಯಾದೆ. ನೋಡಿದರೆ ಅತ್ತೆ ನಗುತ್ತಿದ್ದರು. ಹದಿನೈದು ವರ್ಷದ ಸಂಸಾರದಲ್ಲಿ ಅವರ ಹಿಂದಿನ ಹಲ್ಲನ್ನು ನಾನು ಕಂಡದ್ದು ಅದೇ ಮೊದಲು. ನನಗೂ ನಗು ತಡೆಯಲಿಲ್ಲ. ಕೆಳಗೆ ನಮ್ಮವರು "ಅವ್ವಾ! ಅವ್ವಾ!" ಎಂದು ಕೈ ಚಾಚಿಕೊಂಡು ಸುತ್ತುತ್ತಿದ್ದರು. ಅಧಿಕಾರಿ ಆಕಳಿಸುತ್ತ ಕೊಕ್ಕೆಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ ಇಬ್ಬರನ್ನೂ ಎಳೆದುಕೊಂಡಳು. "ಮೊದಲ್ನೇ ಸಲ ಬಂದೋರೆಲ್ಲ ಹಿಂಗೇನೆ," ಅಂದಳು. ಆ ದೇಶದವರ ಮಾತು ನಮ್ಮದೇ, ಆದರೆ ಪ್ರತಿ ಮಾತಿನ ಕೊನೆ ಗಾಳಿಪಟದ ಹಾಗೆ ಮೇಲಕ್ಕೆ ಹೋಗುತ್ತದೆ.

ಆಚೆಯ ತಕ್ಕಡಿಯಲ್ಲಿ ಅತ್ತೆ ಹನ್ನೊಂದು ಕಿಲೋ. ನಮ್ಮವರು ತಕ್ಕಡಿಯ ಮುಳ್ಳನ್ನು ಬೆರಳಲ್ಲಿ ತಟ್ಟಿ ನೋಡಿದರು. ಕೆಟ್ಟಿರಲಿಲ್ಲ. ಅತ್ತೆ ತಕ್ಕಡಿಯ ಮೇಲೆ ನಿಂತಿದ್ದರು. ಯಾರನ್ನೂ ಹಿಡಿದುಕೊಂಡಿರಲಿಲ್ಲ. ಅದು ಅವರಿಗೂ ಆಗಲೇ ಗೊತ್ತಾಗಿದ್ದು. ತಮ್ಮ ಪಾದಗಳನ್ನು, ಯಾರದೋ ಪಾದ ನೋಡುವ ಹಾಗೆ, ಬಗ್ಗಿ ನೋಡಿಕೊಂಡರು.

ಸಮುದ್ರದ ಊರಿನಲ್ಲಿ ಸುಗಂಧಿ ಎಂಬಾಕೆಯ ವಸತಿಗೃಹದಲ್ಲಿ ಇಳಿದುಕೊಂಡೆವು. ಕೋಣೆಯ ಸೂರಿಗೂ ಹಾಸಿಗೆ ಹೊಡೆದಿದ್ದರು, ತಲೆ ತಾಗಿದರೆ ನೋಯಬಾರದೆಂದು. ಊಟದ ಮನೆಯಲ್ಲಿ "ಸೀನುವವರು ಕಂಬ ಹಿಡಿಯಿರಿ" ಎಂಬ ಬೋರ್ಡು. ಹಿತ್ತಲಲ್ಲಿ ಹಸುವಿಗೆ ಎರಡು ಹಗ್ಗ, ಒಂದು ಕೊರಳಿಗೆ, ಒಂದು ಹೊಟ್ಟೆಗೆ. ಆದರೂ ಅದು ಆಗಾಗ ಗೋಡೆಯ ಮೇಲೆದ್ದು ಪಕ್ಕದ ಮನೆಯ ಚಪ್ಪರದ ಬಳ್ಳಿ ಕಿತ್ತು ತಿಂದು ಇಳಿಯುತ್ತಿತ್ತು. ದಡದಲ್ಲಿ ಬೆಸ್ತರು ಬಲೆಯನ್ನು ನೀರಿಗೆ ಹಾಕುತ್ತಿರಲಿಲ್ಲ. ಎರಡು ಗಳುವಿನ ನಡುವೆ ಒಗೆದ ಬಟ್ಟೆಯ ಹಾಗೆ ಕಟ್ಟಿ ಬೀಡಿ ಸೇದುತ್ತ ಕೂರುತ್ತಿದ್ದರು, ನೀರಿಂದ ಚಿಮ್ಮಿದ ಮೀನು ತಾನಾಗಿ ಬಂದು ಸಿಕ್ಕಿಕೊಳ್ಳುತ್ತಿತ್ತು.

ಸಮುದ್ರವೋ! ನಾನು ಮುಳುಗುವ ಭಯದಲ್ಲಿ ಮೊಣಕಾಲವರೆಗೆ ಮಾತ್ರ ಇಳಿಯಲು ಹೋದೆ. ಇಳಿಯುವುದೇ ಆಗುತ್ತಿರಲಿಲ್ಲ, ನೀರು ನಮ್ಮನ್ನು ಎತ್ತಿ ಹೊರಗಿಡುತ್ತಿತ್ತು. ಅಲ್ಲಿ ಜನ ಸಮುದ್ರದಲ್ಲಿ ಈಜುವುದಿಲ್ಲ, ಸಮುದ್ರದ ಮೇಲೆ ಕೂರುತ್ತಾರೆ. ಒಂದು ಕುಟುಂಬ ಅಲೆಯ ಮೇಲೆ ಪದ್ಮಾಸನ ಹಾಕಿಕೊಂಡು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಪುಳಿಯೋಗರೆ ತಿನ್ನುತ್ತಿತ್ತು. ಇಂಚರ ಅಲೆಯಿಂದ ಅಲೆಗೆ ಕುಣಿದು ಹೋದಳು. ನಮ್ಮವರು ಬೋರಲು ಬಿದ್ದು, ಏಳಲು ಹೋಗಿ ಮೂರು ಪಲ್ಟಿ ಹೊಡೆದು, ಕೊನೆಗೆ ಅಂಗಾತ ಮಲಗಿ ಆಕಾಶ ನೋಡುತ್ತ ತೇಲಿಹೋಗಿ ಸಾಯಂಕಾಲ ದೋಣಿಯವರ ಕೈಯಲ್ಲಿ ವಾಪಸ್ಸು ಬಂದರು. ಅತ್ತೆ ದಡದಲ್ಲಿ ನಡೆಯುತ್ತಲೇ ಇದ್ದರು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. "ಸಾಕು ಬನ್ನಿ ಅತ್ತೆ" ಅಂದರೆ, "ತಡಿಯೇ, ಇನ್ನೊಂದ್ಸಲ" ಅನ್ನುತ್ತಿದ್ದರು.

ಎರಡನೇ ದಿನ ಅವರು ಕುಂಟೆಬಿಲ್ಲೆಗೆ ಸೇರಿಕೊಂಡರು. ನಮ್ಮ ಕಡೆಯಿಂದ ಬಂದು ಅಲ್ಲೇ ಉಳಿದುಬಿಟ್ಟ ಮುದುಕಿಯರ ಒಂದು ಗುಂಪಿತ್ತು, ಹತ್ತು ಹನ್ನೆರಡು ಜನ. ಮರಳಿನ ಮೇಲೆ ಅವರು ಗೀಚಿದ ಒಂದೊಂದು ಮನೆಯೂ ನಮ್ಮ ಜಗಲಿಯಷ್ಟು ದೊಡ್ಡದು. ಕಚ್ಚೆ ಕಟ್ಟಿ, ಒಂದು ಕಾಲು ಮಡಚಿ, ಹಾರಿದರೆ ತೆಂಗಿನಮರದ ಅರ್ಧಕ್ಕೆ ಹೋಗಿ ನಾಲ್ಕನೇ ಮನೆಯಲ್ಲಿ ಇಳಿಯುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಚಿಕ್ಕೋಳಿದ್ದಾಗ ನಮ್ಮ ಬೀದೀಲಿ ನನ್ನ ಸೋಲಿಸೋರೇ ಇರ್ಲಿಲ್ಲ ಕಣೆ," ಎಂದು ಇಂಚರಳಿಗೆ ಹೇಳಿ, ಬಿಲ್ಲೆ ಎಸೆದು, ಹಾರಿದರು. ಎಪ್ಪತ್ತೊಂದು ವರ್ಷದ ಹೆಂಗಸು ಬಿಸಿಲಿನಲ್ಲಿ ಸೀರೆ ಪಟಪಟನೆ ಬಡಿಯುತ್ತ ಮೇಲೇರಿದ್ದನ್ನು ನೋಡಿ ನಮ್ಮವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಇಂಚರ ಶಿಳ್ಳೆ ಹೊಡೆದಳು. ಮಧ್ಯಾಹ್ನದೊಳಗೆ ಅತ್ತೆ ಆರು ಆಟ ಗೆದ್ದಿದ್ದರು, ಒಬ್ಬ ಮುದುಕಿಯ ಹತ್ತಿರ ಗೆರೆ ತುಳಿದಳೆಂದು ಜಗಳವನ್ನೂ ಆಡಿ ಮುಗಿಸಿದ್ದರು.

ಮೂರನೇ ದಿನ ಏನೋ ಎಡವಟ್ಟಾಯಿತು. ಅತ್ತೆ ಹಾರಿದರೆ ಎರಡನೇ ಮನೆಯನ್ನೂ ದಾಟಲಿಲ್ಲ. ಮತ್ತೆ ಹಾರಿದರು, ಗೆರೆಯ ಮೇಲೇ ಬಿದ್ದರು. "ಸುಸ್ತಾಯ್ತಾ ಗಂಗಮ್ಮಾ?" ಎಂದು ಮುದುಕಿಯರು ಛೇಡಿಸಿದರು. ಅತ್ತೆ ಪಕ್ಕಕ್ಕೆ ಬಂದು ಕೂತರು. ನಾನು ಕಾಲಿನ ಮರಳು ಒರೆಸಲು ಬಗ್ಗಿದವಳು ಸೀರೆಯ ಅಂಚು ಮುಟ್ಟಿದೆ. ಅಂಚಿನುದ್ದಕ್ಕೂ ಸೀಸದ ಗುಂಡು. ನಾನು ಹೊಲಿದದ್ದು ಎಂಟು. ಇದರಲ್ಲಿ ನಾನು ಜೊತೆಗೆ ತಂದಿದ್ದ ಹೊಲಿಗೆ ಡಬ್ಬಿಯ ಗುಂಡೆಲ್ಲ ಇತ್ತು, ಹತ್ತಿರ ಹತ್ತಿರ ನಾಲ್ಕು ಕಿಲೋ. ಹೊಲಿಗೆಯೋ, ಗೋಣಿಚೀಲದ ಬಾಯಿ ಹೊಲಿದ ಹಾಗೆ ಅಡ್ಡಾದಿಡ್ಡಿ, ಒಂದು ಕಡೆ ಸಣ್ಣ ರಕ್ತದ ಕಲೆ. ಬೆಳಿಗ್ಗೆ ನಮ್ಮವರ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ನೆನಪಾಯಿತು.

ನಮ್ಮವರು ದಡದಿಂದ ದೂರ ಒಂದು ಅಲೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಸಿಟ್ಟಿನಿಂದ ಧಾಪುಗಾಲು ಹಾಕುತ್ತ ಹೋದೆ. ಆ ಊರಿನಲ್ಲಿ ಸಿಟ್ಟಿನ ಹೆಜ್ಜೆ ಇಡುವುದು ಕಷ್ಟ, ಮೂರು ಸಲ ಅವರ ತಲೆಯ ಮೇಲೆ ಹಾದುಹೋಗಿ ನಾಲ್ಕನೇ ಸಲ ಪಕ್ಕದಲ್ಲಿ ಇಳಿದೆ.

"ಏನ್ರೀ ಅದು? ಹೆತ್ತ ತಾಯಿಗೆ ಹಂಗೆ ಮಾಡ್ತಾರಾ?"

ಅವರು ನೀರನ್ನು ಕೈಯಲ್ಲಿ ಸವರುತ್ತ ಕೂತರು. ಆಮೇಲೆ ಹೇಳಿದರು, "ನಿನ್ನೆ ಅವ್ವ ಸುಗಂಧಿಯವ್ರ ಹತ್ರ ಕೇಳ್ತಿದ್ಲು. ಇಲ್ಲೇ ಉಳಿದ್ರೆ ಅಡುಗೆಮನೇಲಿ ಏನಾದ್ರೂ ಕೆಲಸ ಕೊಡ್ತೀಯಾ ಅಂತ. ನನ್ನ ಕೇಳ್ಲಿಲ್ಲ ಪಂಕಜಾ. ಆಕೇನ ಕೇಳಿದ್ಲು."

"ಅದಕ್ಕೆ?"

"ಸ್ವಲ್ಪ ಭಾರ ಆದ್ರೆ ಮನೆ ನೆನಪಾಗುತ್ತೇನೋ ಅಂತ..." ಐವತ್ತರ ಹತ್ತಿರದ ಗಂಡಸು ಅಲೆಯ ಮೇಲೆ ಏರುತ್ತ ಇಳಿಯುತ್ತ ಮೂಗು ಒರೆಸಿಕೊಂಡರು. ನನ್ನ ಸಿಟ್ಟು ನೀರಿನಲ್ಲೆಲ್ಲೋ ಜಾರಿಹೋಯಿತು. ಅವರ ಪಕ್ಕ ಕೂತೆ. ನಿಜ ಹೇಳಬೇಕೆಂದರೆ, ಅತ್ತೆ ಉಳಿಯುತ್ತಾರಂತೆ ಎಂದು ಕೇಳಿದ ಕೂಡಲೆ ನನ್ನೊಳಗೆ ಏನೋ ಒಂದು ಪುಟ್ಟದಾಗಿ ಜಿಗಿದಿತ್ತು. ಅದರ ಹಿಂದೆಯೇ ನಾಚಿಕೆಯೂ ಬಂದಿತ್ತು.

ಕತ್ತರಿ ಹಿಡಿದು ಅತ್ತೆಯ ಹತ್ತಿರ ಹೋದೆ. "ಕಾಲು ಚಾಚಿ ಅತ್ತೆ, ಅಂಚಿನಲ್ಲಿ ಏನೋ ಸಿಕ್ಕಿದೆ," ಅಂದೆ.

"ಏನೋ ಅಲ್ಲ, ಸೀಸ," ಅಂದರು. "ಬೆಳಿಗ್ಗೆ ಮೊದಲ್ನೇ ಹೆಜ್ಜೆಗೇ ಗೊತ್ತಾಯ್ತು. ಅವನ ಹೊಲಿಗೆ ನೋಡು, ಪಾಪ, ಕೈ ಚುಚ್ಚ್‌ಕೊಂಡಿದಾನೆ. ಒಂದು ದಿನ ಅವನಿಗೋಸ್ಕರ ಹೊತ್ಕೊಂಡು ಓಡಾಡೋಣ ಬಿಡು ಅಂತ ಸುಮ್ನಿದ್ದೆ. ಹೊಟ್ಟೇಲಿದ್ದಾಗ ಇದಕ್ಕಿಂತ ಭಾರ ಇದ್ದ."

ನಾನು ಒಂದೊಂದೇ ಹೊಲಿಗೆ ಬಿಚ್ಚುತ್ತ ಹೋದೆ. ಗುಂಡುಗಳು ಮರಳಿನ ಮೇಲೆ ಟಪ್ಪಟಪ್ಪನೆ ಬಿದ್ದವು. ಅತ್ತೆ ನನ್ನ ಬಗ್ಗಿದ ತಲೆಯನ್ನೇ ನೋಡುತ್ತಿದ್ದರೆಂದು ಕಾಣುತ್ತದೆ.

"ಪಂಕಜಾ, ನೀನು ಹೇಳು. ಆರು ವರ್ಷ ನನ್ನ ಎತ್ತಿದೋಳು ನೀನು. ಉಳಿ ಅಂದ್ರೆ ಉಳೀತೀನಿ, ಬಾ ಅಂದ್ರೆ ಬರ್ತೀನಿ."

ನಾನು ಕತ್ತರಿ ಆಡಿಸುತ್ತಲೇ ಅಂದೆ, "ನನ್ನ ಕೇಳ್ಬೇಡಿ ಅತ್ತೆ. ಉಳೀರಿ ಅಂದ್ರೆ ನನ್ನ ಬೆನ್ನು ಮಾತಾಡ್ದಂಗೆ. ಬನ್ನಿ ಅಂದ್ರೆ ಊರಿನ ಜನ ಮಾತಾಡ್ದಂಗೆ. ನಂದು ಅಂತ ಯಾವ ಮಾತೂ ಇನ್ನೂ ಬರ್ತಿಲ್ಲ."

ಅತ್ತೆ ಮತ್ತೆ ಆ ಹಿಂದಿನ ಹಲ್ಲು ಕಾಣುವ ಹಾಗೆ ನಕ್ಕರು. "ಹಂಗಾದ್ರೆ ನನ್ನ ಮಂಡಿ ಮಾತಾಡ್ಲಿ ಬಿಡು," ಎಂದರು. ಕೊನೆಯ ಗುಂಡು ಬಿದ್ದದ್ದೇ ಎದ್ದು, ಒಂಟಿಕಾಲಿನಲ್ಲಿ, ಮುದುಕಿಯರ ಕಡೆಗೆ ಕುಪ್ಪಳಿಸಿಕೊಂಡು ಹೋದರು. ನನಗೆ ಆಗ ನನ್ನ ಮಾತು ಬಂತು. "ಅತ್ತೇ, ವರ್ಷವರ್ಷ ಬರ್ತೀವಿ!" ಎಂದು ಹಿಂದಿನಿಂದ ಕೂಗಿದೆ. ಅವರು ತಿರುಗದೆ, ಗಾಳಿಯಲ್ಲಿದ್ದುಕೊಂಡೇ, ಕೈ ಎತ್ತಿದರು.

ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಮಗನನ್ನು ದಡಕ್ಕೆ ಕರೆದುಕೊಂಡು ಹೋದರು. ನಾನು, ಇಂಚರ ಸ್ವಲ್ಪ ದೂರದಲ್ಲಿ ನಿಂತೆವು.

"ಮಾಲಿಂಗಾ, ಎತ್ತೋ ನನ್ನ."

"ಯಾಕವ್ವ? ನಡೀತಿದೀಯಲ್ಲ."

"ನಡೀತೀನಿ ಕಣೋ. ಆದ್ರೂ ಎತ್ತು. ನೀನು ಊರೋರ ಲಾರಿ ಎಲ್ಲ ತೂಗ್ದೆ, ಅವ್ವನ್ನ ಒಂದ್ಸಲಾನೂ ಎತ್ತಿ ನೋಡ್ಲಿಲ್ಲ."

ಅವರು ಬಗ್ಗಿ, ಒಡೆಯುವ ಸಾಮಾನು ಹಿಡಿದ ಹಾಗೆ ಹಿಡಿದು ಎತ್ತಿದರು. ಅತ್ತೆ ಹೂವಿನ ಬುಟ್ಟಿಯ ಹಾಗೆ ಬಂದುಬಿಟ್ಟರು. ಮಗ ಅವರನ್ನು ಸೊಂಟದ ಮೇಲೆ ಕೂರಿಸಿಕೊಂಡರು, ನಾವು ಮಕ್ಕಳನ್ನು ಕೂರಿಸಿಕೊಳ್ಳುವ ಹಾಗೆಯೇ. ಅತ್ತೆ ಒಂದು ಕೈಯನ್ನು ಮಗನ ಕುತ್ತಿಗೆಗೆ ಹಾಕಿ, ಇನ್ನೊಂದು ಕೈಯಲ್ಲಿ ಅದು ದೋಣಿ, ಅದು ಬಲೆ, ಅದು ನಮ್ಮ ಸುಗಂಧಿಯ ಹಸು ಎಂದು ತೋರಿಸುತ್ತ ಹೋದರು. ನಮ್ಮವರು ಹ್ಞೂಂ ಹ್ಞೂಂ ಅನ್ನುತ್ತ, ಅಳುತ್ತ, ದಡದ ಆ ತುದಿಯವರೆಗೂ ಹೊತ್ತುಕೊಂಡು ಹೋಗಿ ಬಂದರು. ಬರುವಾಗ ಅಳುತ್ತಿರಲಿಲ್ಲ. "ಹನ್ನೊಂದಿಲ್ಲ ಕಣೇ, ಹತ್ತೂವರೆ," ಎಂದು ನನಗೆ ಹೇಳಿದರು. "ಈಗ್ಲೇ ಅರ್ಧ ಕಿಲೋ ಇಳಿದಿದಾಳೆ. ಸುಗಂಧಿಯವ್ರಿಗೆ ಹೇಳ್ಬೇಕು, ಸರಿಯಾಗಿ ಊಟ ಹಾಕಿ ಅಂತ." ಅದೇ ಅವರ ಒಪ್ಪಿಗೆ ಎಂದು ನಮಗೆಲ್ಲ ತಿಳಿಯಿತು.

ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಹೊರಟೆವು. ಅತ್ತೆ ಕಾರಿನ ಪಕ್ಕ ಪಕ್ಕವೇ ಒಂದೊಂದು ಫರ್ಲಾಂಗಿಗೆ ಒಂದೊಂದು ಹೆಜ್ಜೆ ಹಾಕುತ್ತ ಗೇಟಿನವರೆಗೂ ಬಂದರು. ಇಂಚರಳ ಕೆನ್ನೆ ಹಿಂಡಿದರು. ನನ್ನ ತಲೆಯ ಮೇಲೆ ಕೈಯಿಟ್ಟರು, ಕೈಗೆ ತೂಕವೇ ಇರಲಿಲ್ಲ, ಬಿಸಿ ಮಾತ್ರ ಇತ್ತು. ಅಧಿಕಾರಿ ಕೊಕ್ಕೆ ಕೋಲನ್ನು ಅಡ್ಡ ಹಿಡಿದು, "ಅಜ್ಜಿ, ನೀವು ಈ ಗೆರೆಯಿಂದಾಚೆ ಬರಂಗಿಲ್ಲ ಮತ್ತೆ," ಅಂದಳು.

ಗೇಟು ದಾಟಿದೆವು. ಭಾರ ಮೊದಲು ರೆಪ್ಪೆಗೆ ಬಂತು, ಆಮೇಲೆ ಕೆನ್ನೆಗೆ, ಆಮೇಲೆ ಮೈಗೆಲ್ಲ. ಸೀಟು ಕಿರ್ರೆಂದಿತು. ಹಿಂದೆ ಗೇಟು ಮುಚ್ಚಿದ ಸದ್ದಾಯಿತು. ನಮ್ಮವರು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

"ಅಪ್ಪಾ! ಅಮ್ಮಾ! ಅಲ್ಲಿ ನೋಡಿ!" ಎಂದು ಇಂಚರ ಕಿರುಚಿದಳು.

ಬ್ರೇಕು ಹಾಕಿ ತಿರುಗಿ ನೋಡಿದೆ. ಮೂರಾಳು ಎತ್ತರದ ಗೋಡೆಯ ಮೇಲೆ ಅತ್ತೆಯ ಮುಖ ಎದ್ದಿತು, ಆಮೇಲೆ ಎದೆ, ಸೊಂಟ. "ಮಾಲಿಂಗಾ!" ಎಂದು ಕೂಗಿ ಇಳಿದುಹೋಯಿತು. ನಾವು ಕಾದೆವು. ಮತ್ತೆ ಎದ್ದರು, "ಗಾಡಿ!" ಅಂದರು, ಮರೆಯಾದರು. ಮತ್ತೆ, ಈ ಸಲ ಕೂದಲು ಬಿಚ್ಚಿಹೋಗಿತ್ತು, "ನಿಧಾನಕ್ಕೆ!" ಮತ್ತೆ, "ಓಡ್ಸು!" ಮತ್ತೆ, "ಅಂತ!" ಮತ್ತೆ, "ಪಂಕಜಂಗೆ!" ಕೊನೆಯದಕ್ಕೆ ಎಲ್ಲಕ್ಕಿಂತ ಎತ್ತರ ಹಾರಿದ್ದರು, ಮೊಣಕಾಲೂ ಕಾಣುವಷ್ಟು, ಎರಡೂ ಕೈ ಬಾಯಿಗೆ ಹಿಡಿದು: "ಹೇಳೋ!"

ನಮ್ಮವರು ಬಾಗಿಲು ತೆಗೆದು ಕೆಳಗಿಳಿದರು. ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ನಮ್ಮ ದೇಶದ ನೆಲದ ಮೇಲೆ ಕುಪ್ಪಳಿಸಿದರು. ಒಂದು ಗೇಣು ಮೇಲೆ ಹೋಗಿ ಧೊಪ್ಪನೆ ಇಳಿದರು. "ಹೇಳ್ತೀನವ್ವಾ!" ಎಂದು ಕೂಗಿ ಮತ್ತೆ ಹಾರಿದರು. ಗೋಡೆ ಅವರ ಮೂರರಷ್ಟು ಎತ್ತರವಿತ್ತು, ಆಚೆಯವರಿಗೆ ಅವರು ಕಾಣುವ ಮಾತೇ ಇರಲಿಲ್ಲ, ಆದರೂ ಹಾರಿದರು. ಇಂಚರ ಅವರ ಕೈ ಹಿಡಿದು ಹಾರಿದಳು. ನಾನೂ ಇಳಿದು ಹಾರಿದೆ. ನಮ್ಮ ಕಡೆಯ ಪಹರೆಯವನು ಬಂದು, "ಏನ್ ಸ್ವಾಮಿ ಇದು, ಇಲ್ಲಿ ಹಂಗೆಲ್ಲ ಹಾರಕ್ಕಾಗಲ್ಲ," ಅಂದ. "ಗೊತ್ತು ಕಣಪ್ಪ," ಅಂದರು ನಮ್ಮವರು ಏದುಸಿರು ಬಿಡುತ್ತ, ನಗುತ್ತ, "ಎಷ್ಟಾಗುತ್ತೋ ಅಷ್ಟು."

ಸೂರ್ಯ ಮುಳುಗಿದ. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಆ ಬೆಳಕಿನಲ್ಲಿ ಅತ್ತೆಯ ಮುಖ ಗೋಡೆಯ ಮೇಲೆ ಇನ್ನೊಮ್ಮೆ ಎದ್ದಿತು. ಈ ಸಲ ಬರೀ ಕೈಬೀಸಿ ಇಳಿಯಿತು. ನಾವು ಕಾರು ಹತ್ತಿದೆವು. ನಮ್ಮವರು ನನ್ನ ಕಡೆ ತಿರುಗಿ, ಬಾಯಿ ತೆರೆದು, ಏನೋ ಹೇಳಲು ಹೊರಟರು.

"ಕೇಳಿಸ್ತು ರೀ," ಅಂದೆ. ನಿಧಾನಕ್ಕೆ ಓಡಿಸಿದೆ.